ಮೆಂತ್ಯ ಎಷ್ಟು ಹೊತ್ತು ಹುರಿಯಬೇಕು

ರಾಜಾಜಿನಗರ, ಬೆಂಗಳೂರು
17 ಫೆಬ್ರವರಿ 1957

ಪೂಜ್ಯ ಅತ್ತಿಗೆಯವರಿಗೆ ಸತ್ಯವತಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ನಾವಿಬ್ಬರೂ ಬದುಕಿದ್ದೇವೆ ಎಂದು ಮಾತ್ರ ನಾನು ಧೈರ್ಯವಾಗಿ ಬರೆಯಬಲ್ಲೆ.

ಸಂಸಾರ ಹೂಡಿ ಮೂರು ವಾರವಾಯಿತು. ಮೊದಲ ವಾರ ನೀವು ಕಟ್ಟಿಕೊಟ್ಟ ಸಾರಿನ ಪುಡಿ ಮಾನ ಉಳಿಸಿತು. ಅದು ಮುಗಿದ ಮೇಲೆ ನಾನೇ ಮಾಡೋಣವೆಂದು ಹೊರಟೆ. ನೀವು ಹಾಕುತ್ತಿದ್ದದ್ದು ನೆನಪಿತ್ತು: ಧನಿಯ, ಮೆಣಸಿನಕಾಯಿ, ಜೀರಿಗೆ, ಮೆಣಸು, ಮೆಂತ್ಯ, ಸಾಸಿವೆ, ಕರಿಬೇವು, ಇಂಗು. ಎಲ್ಲವನ್ನೂ ಬಾಣಲೆಗೆ ಸುರಿದು ಪಂಪ್ ಸ್ಟೌ ಮೇಲಿಟ್ಟೆ. ಮೆಂತ್ಯ ಕಪ್ಪಾಯಿತು, ಧನಿಯ ಹಸಿಯಾಗಿಯೇ ಉಳಿಯಿತು, ಮೆಣಸಿನಕಾಯಿ ಹೊಗೆ ಎದ್ದು ನಾವಿಬ್ಬರೂ ಕೆಮ್ಮುತ್ತಾ ಬೀದಿಗೆ ಬಂದೆವು. ಕುರುಬರಹಳ್ಳಿಯಿಂದ ಸೊಪ್ಪು ತರುವ ಲಿಂಗಮ್ಮ ಬುಟ್ಟಿ ಕೆಳಗಿಟ್ಟು, "ಏನವ್ವಾ, ಹೊಸಾ ಮನೆ, ಆಗ್ಲೇ ಬೆಂಕಿ ಬಿದ್ದೈತಾ" ಎಂದು ಕೇಳಿದಳು.

ಆ ಪುಡಿಯನ್ನು ಎಸೆಯಲು ಮನಸ್ಸು ಬರಲಿಲ್ಲ. ನಾಲ್ಕು ದಿನ ಅದರಲ್ಲೇ ಸಾರು ಮಾಡಿದೆ. ಇವರು ಒಂದು ಮಾತೂ ಆಡದೆ ತಿಂದರು. ಐದನೆಯ ದಿನ, "ಸಾರು ಚೆನ್ನಾಗಿದೆ ಕಣೇ, ಸ್ವಲ್ಪ ಮಜ್ಜಿಗೆ ಇದ್ರೆ ಈಗ್ಲೇ ಬಡಿಸಿಬಿಡು" ಎಂದರು. ಬೈದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಅತ್ತಿಗೆ, ಅಮ್ಮ ಹೋದಾಗ ನನಗೆ ಎಂಟು ವರ್ಷ. ಅಲ್ಲಿಂದ ನನ್ನನ್ನು ಸಾಕಿದವರು ನೀವು. ಅಡಿಗೆಮನೆಯ ಹೊಸ್ತಿಲಿಗೆ ಬಂದರೆ ಸಾಕು, "ಇಲ್ಲೇನ್ ಕೆಲಸ ನಿಂಗೆ, ಹೋಗಿ ಪುಸ್ತಕ ತಗೋ" ಎಂದು ಓಡಿಸುತ್ತಿದ್ದಿರಿ. ಓದಿದೆ, ಎಸ್‌.ಎಸ್‌.ಎಲ್‌.ಸಿ. ಪಾಸಾದೆ. ಬೀಜಗಣಿತದ ಲೆಕ್ಕ ಯಾವುದಾದರೂ ಕೊಡಿ, ಬಿಡಿಸುತ್ತೇನೆ. ಮೆಂತ್ಯ ಎಷ್ಟು ಹೊತ್ತು ಹುರಿಯಬೇಕೆಂದು ಮಾತ್ರ ಗೊತ್ತಿಲ್ಲ. ಈ ತಪ್ಪಿನಲ್ಲಿ ನಿಮ್ಮ ಪಾಲೂ ಇದೆ. ಯಾವುದು ಎಷ್ಟು, ಎಷ್ಟು ಹೊತ್ತು, ಯಾವುದರ ನಂತರ ಯಾವುದು, ದಯವಿಟ್ಟು ಬಿಡಿಸಿ ಬರೆಯಿರಿ.

ಅಣ್ಣನಿಗೆ ನಮಸ್ಕಾರ.
ಸತ್ಯವತಿ


ತಿಪಟೂರು
25 ಫೆಬ್ರವರಿ 1957

ಚಿ. ಸೌ. ಸತ್ಯವತಿಗೆ ಅಂಜನಮ್ಮನ ಆಶೀರ್ವಾದ.

ನಿನ್ನ ಕಾಗದವನ್ನು ನಿಮ್ಮಣ್ಣನಿಗೆ ಓದಿ ಹೇಳಿದೆ. ಅವರು ನಗುತ್ತಾ ಸ್ಕೂಲಿಗೆ ಹೋದರು. ನನಗೆ ನಗು ಬರಲಿಲ್ಲ. ಧನಿಯವನ್ನೂ ಮೆಂತ್ಯವನ್ನೂ ಒಂದೇ ಬಾಣಲೆಗೆ ಸುರಿದೆಯಂತೆ. ಎಂಟು ವರ್ಷದ ಕೂಸನ್ನೂ ಎಂಬತ್ತು ವರ್ಷದ ಮುದುಕಿಯನ್ನೂ ಒಟ್ಟಿಗೆ ಓಡು ಎಂದರೆ ಓಡುತ್ತಾರೆಯೇ?

ಒಂದೊಂದನ್ನೂ ಬೇರೆ ಬೇರೆ ಹುರಿ. ಒಂದು ಸೇರು ಧನಿಯಕ್ಕೆ ಅರ್ಧ ಸೇರು ಮೆಣಸಿನಕಾಯಿ. ಜೀರಿಗೆ, ಮೆಣಸು ಕೈಗೆ ಬಂದಷ್ಟು. ಮೆಂತ್ಯ ಸ್ವಲ್ಪ. ಇಂಗನ್ನು ತುಪ್ಪದಲ್ಲಿ ಅರಳಿಸು. ಎಲ್ಲ ಆರಿದ ಮೇಲೆ ಕುಟ್ಟು.

ಎಷ್ಟು ಹೊತ್ತು ಎಂದು ಕೇಳಬೇಡ. ಹುರಿಯುವುದು ಗಡಿಯಾರದ ಕೆಲಸವಲ್ಲ, ಮೂಗಿನ ಕೆಲಸ. ಬೆಚ್ಚಗಾದಾಗ ಒಂದು ವಾಸನೆ, ಹದಕ್ಕೆ ಬಂದಾಗ ಒಂದು, ಮೀರಿದಾಗ ಇನ್ನೊಂದು. ಈ ಊರಿನ ಮೂವತ್ತು ಮನೆಗೆ ಪುಡಿ ಮಾಡಿ ಕೊಡುತ್ತೇನೆ, ಮದುವೆ ಮನೆಗಳು ಬೇರೆ. ಒಂದು ದಿನವೂ ಹೊತ್ತು ನೋಡಿಲ್ಲ. ಒಲೆಗೆ ಬೆನ್ನು ಹಾಕಿ ಕೂತಿದ್ದರೂ ನನಗೆ ತಿಳಿಯುತ್ತದೆ. ನಿನಗೂ ದೇವರು ಮೂಗು ಕೊಟ್ಟಿದ್ದಾನೆ.

ನಿನ್ನ ಯಜಮಾನರು ವೆಂಕಟಗಿರಿಯವರನ್ನು ಕೇಳಿದೆನೆಂದು ಹೇಳು. ಪಾಪ.
ಅಂಜನಮ್ಮ


ರಾಜಾಜಿನಗರ
8 ಮಾರ್ಚ್ 1957

ಪೂಜ್ಯ ಅತ್ತಿಗೆಯವರಿಗೆ,

"ಕೈಗೆ ಬಂದಷ್ಟು." ಯಾರ ಕೈಗೆ? "ಸ್ವಲ್ಪ" ಎಂದರೆ ಎಷ್ಟು? ನಿಮ್ಮ ಕಾಗದವನ್ನು ಆರು ಸಲ ಓದಿದೆ. ಅದರಲ್ಲಿ ಅಳತೆಯೆಂದು ಇದ್ದದ್ದು ಒಂದೇ ಸಾಲು. ಅದನ್ನೇ ನಂಬಿ ಕೆಟ್ಟೆ.

ಇಲ್ಲಿಯ ಅಂಗಡಿಯಲ್ಲಿ ಧನಿಯವನ್ನು ಪಾತ್ರೆಯಲ್ಲಿ ಅಳೆದು ಕೊಡುತ್ತಾರೆ, ಮೆಣಸಿನಕಾಯಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ. ಅಳತೆಯ ಸೇರು ಬೇರೆ, ತೂಕದ ಸೇರು ಬೇರೆ ಎಂದು ನನಗೆ ಹೊಳೆಯಲೇ ಇಲ್ಲ. ಒಂದು ಸೇರು ಧನಿಯ ಸಣ್ಣ ಪೊಟ್ಟಣವಾಗಿ ಬಂತು, ಅರ್ಧ ಸೇರು ಮೆಣಸಿನಕಾಯಿ ಚೀಲ ತುಂಬಾ ಬಂತು. ಅನುಮಾನ ಬಂದರೂ ಅತ್ತಿಗೆ ಹೇಳಿದ್ದಾರೆಂದು ಹಾಕಿದೆ. ಅದೂ ಬ್ಯಾಡಗಿಯಲ್ಲ, ಗುಂಟೂರು. ಇವರು ಒಂದು ತುತ್ತು ಬಾಯಿಗಿಟ್ಟು ಎದ್ದು ನಲ್ಲಿಯ ಹತ್ತಿರ ಹೋದರು. ನಲ್ಲಿಯಲ್ಲಿ ನೀರು ಇರಲಿಲ್ಲ. ಈ ಬಡಾವಣೆಯಲ್ಲಿ ನೀರು ಬರುವುದು ಬೆಳಿಗ್ಗೆ ಆರರಿಂದ ಏಳು.

ಇನ್ನೊಂದು ವಿಷಯ. ಫ್ಯಾಕ್ಟರಿಗೆ ಕಳಿಸುವ ಊಟದ ಕ್ಯಾರಿಯರ್ ದಿನವೂ ಖಾಲಿಯಾಗಿ ಬರುತ್ತಿತ್ತು. ಅಲ್ಲಾದರೂ ಇಷ್ಟಪಟ್ಟು ತಿನ್ನುತ್ತಾರೆಂದು ಸಂತೋಷಪಟ್ಟಿದ್ದೆ. ನಿನ್ನೆ ನೇರವಾಗಿ ಕೇಳಿದೆ. ತಲೆ ತಗ್ಗಿಸಿ, "ಅನ್ನ, ಪಲ್ಯ ತಿಂತೀನಿ. ಸಾರು ಮಾತ್ರ ಬೇಲಿ ಆಚೆ ಚೆಲ್ತೀನಿ. ಕ್ಯಾಂಟೀನಲ್ಲಿ ಒಂದ್ ಲೋಟ ಸಾರು ತಗೊಳ್ತೀನಿ" ಎಂದರು. ನಾನು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲು ಬಂದರು. ಅದಕ್ಕೂ ಸಿಟ್ಟು ಬಂತು.

ವಾಸನೆ ಹೇಳುತ್ತದೆ ಎನ್ನುತ್ತೀರಿ. ನನಗೆ ಏನೂ ಹೇಳುತ್ತಿಲ್ಲ. ಮೂವತ್ತು ಮನೆಗೆ ಕೊಡುವವರು ಮೂವತ್ತೊಂದನೆಯ ಮನೆಯೆಂದು ತಿಳಿದು ಒಂದು ಡಬ್ಬಿ ಪುಡಿ ಕಳಿಸಿಬಿಡಿ. ನನ್ನ ಕೈಲಿ ಆಗುವುದಿಲ್ಲ.

ಸತ್ಯವತಿ


ತಿಪಟೂರು
19 ಮಾರ್ಚ್ 1957

ಸತ್ಯು,

ಪುಡಿ ಕಳಿಸುವುದಿಲ್ಲ. ಇವತ್ತು ಕಳಿಸಿದರೆ ಮುಂದಿನ ತಿಂಗಳೂ ಕಳಿಸಬೇಕು. ನಿನ್ನ ಗಂಡ ಸಾಯುವವರೆಗೂ ನನ್ನ ಕೈ ಸಾರು ತಿಂದು, ನಿನ್ನ ಕೈ ಸಾರು ಹೇಗಿರುತ್ತದೆಂದೇ ತಿಳಿಯದೆ ಹೋಗುತ್ತಾರೆ.

ಎರಡನ್ನೂ ತೂಕದಲ್ಲೇ ಕೊಳ್ಳಬೇಕು. ಇಷ್ಟು ಗೊತ್ತಾಗದವಳಿಗೆ ಯಾವ ಮೇಷ್ಟರು ನಂಬರು ಕೊಟ್ಟರೋ. ಪಂಪ್ ಸ್ಟೌ ಬೇಡ, ಅದರ ಉರಿ ನೆಟ್ಟಗೆ ನಡುಬಾಣಲೆಗೆ ಹೊಡೆಯುತ್ತದೆ. ಒಂದು ಇದ್ದಿಲ ಒಲೆ ತಗೋ. ದಪ್ಪ ತಳದ ಬಾಣಲೆ ತಗೋ. ಒಂದು ಹಿಡಿ ಧನಿಯ ಮಾತ್ರ ಹಾಕಿ, ಬೇರೆ ಏನೂ ಯೋಚಿಸದೆ, ಅದರ ಮುಂದೆ ಕೂತುಕೋ. ಹಾಳಾದರೆ ಇನ್ನೊಂದು ಹಿಡಿ. ನಾನು ಕಲಿತದ್ದು ಹಾಗೆಯೇ. ನನಗೆ ಯಾರೂ ಕಾಗದ ಬರೆಯಲಿಲ್ಲ.

ಅಂಜನಮ್ಮ


ರಾಜಾಜಿನಗರ
22 ಏಪ್ರಿಲ್ 1957

ಪೂಜ್ಯ ಅತ್ತಿಗೆಯವರಿಗೆ,

ನೀವು ಪುಡಿ ಕಳಿಸದೆ ಇದ್ದದ್ದಕ್ಕೆ ಒಂದು ತಿಂಗಳು ಕಾಗದ ಬರೆಯಬಾರದೆಂದುಕೊಂಡಿದ್ದೆ. ತಿಂಗಳು ಮುಗಿಯಿತು.

ಇದ್ದಿಲ ಒಲೆ ತಂದೆ. ಹಿಡಿ ಹಿಡಿಯಾಗಿ ಏಳು ಸಲ ಧನಿಯ ಹುರಿದೆ. ಆರು ಸಲ ಹಾಳಾಯಿತು. ಏಳನೆಯ ಸಲ ಲಿಂಗಮ್ಮ ಸೊಪ್ಪು ಕೊಡಲು ಬಂದವಳು ಬಾಗಿಲ ಹತ್ತಿರವೇ ನಿಂತು, "ಇಳ್ಸವ್ವ, ಇಳ್ಸು, ಈಗ ಇಳ್ಸು" ಎಂದಳು. ಗಾಬರಿಯಿಂದ ಇಳಿಸಿದೆ. ಆಗ ಮೂಗಿಗೆ ಬಂತು ನೋಡಿ. ನಮ್ಮ ತಿಪಟೂರಿನ ಅಡಿಗೆಮನೆಯ ವಾಸನೆ. ನಾನು ಹೊಸ್ತಿಲಲ್ಲಿ ನಿಂತಿದ್ದೇನೆ, ನೀವು ಬೆನ್ನು ಹಾಕಿ ಕೂತಿದ್ದೀರಿ ಎನಿಸಿತು. ಅದಾದ ಮೇಲೆ ತಪ್ಪಿಲ್ಲ. ಜೀರಿಗೆಯೂ ಬಂತು, ಮೆಣಸೂ ಬಂತು. ಮೆಂತ್ಯ ಇನ್ನೂ ಒಂದೊಂದು ಸಲ ಕೈಕೊಡುತ್ತದೆ.

ಭಾನುವಾರ ಇವರು ಎರಡನೆಯ ಸಲ ಸಾರು ಹಾಕಿಸಿಕೊಂಡರು. ಚೆನ್ನಾಗಿದೆ ಎಂದು ಹೇಳಲಿಲ್ಲ. ಹೇಳದೆ ಇದ್ದದ್ದರಿಂದ ನಂಬಿದೆ.

ಈಗ ಹುಳಿ ಪುಡಿ ಹೇಳಿಕೊಡಿ. ಬೇಳೆ, ಕೊಬ್ಬರಿ, ಚಕ್ಕೆ ಎಷ್ಟೆಷ್ಟು? ಅಂಕಿಗಳಲ್ಲಿ ಬರೆಯಿರಿ.

ಸತ್ಯವತಿ


ತಿಪಟೂರು
30 ಮೇ 1957
(ಕಾರ್ಡು)

ಸತ್ಯುಗೆ ಆಶೀರ್ವಾದ. ಮದುವೆ ಕಾಲ, ಒಂದೇ ವಾರಕ್ಕೆ ನಾಲ್ಕು ಮನೆಯ ಪುಡಿ. ಉಸಿರಾಡಲು ಬಿಡುವಿಲ್ಲ. ಹುಳಿ ಪುಡಿ ಆಮೇಲೆ. ಏಳು ಹಿಡಿಗೇ ಧನಿಯ ಬಂತೆಂದು ನಿಮ್ಮಣ್ಣನಿಗೆ ಹೇಳಿದೆ. ನನಗೆ ಹನ್ನೆರಡು ಬೇಕಾಗಿತ್ತು.
ಅಂಜನಮ್ಮ


ರಾಜಾಜಿನಗರ
20 ಜೂನ್ 1957

ಪೂಜ್ಯ ಅತ್ತಿಗೆಯವರಿಗೆ,

ಇಲ್ಲೆಲ್ಲಾ ಫ್ಲೂ ಜ್ವರ. ನಮ್ಮ ಬೀದಿಯಲ್ಲಿ ಜ್ವರವಿಲ್ಲದ ಮನೆಯಿಲ್ಲ. ಫ್ಯಾಕ್ಟರಿಯಲ್ಲಿ ಅರ್ಧ ಜನ ರಜ. ಇವರಿಗೆ ಐದು ದಿನ ಬಂತು, ನನಗೆ ಎರಡು ದಿನ ಬಂದು ಬಿಟ್ಟಿತು. ಮೆಣಸಿನ ಸಾರು ಬಿಟ್ಟು ಇವರು ಬೇರೇನೂ ಮುಟ್ಟಲಿಲ್ಲ. ಕ್ಯಾಂಟೀನಿನಿಂದ ತರಿಸಲೇ ಎಂದು ಕೇಳಿದೆ. "ನಿನ್ ಸಾರೇ ಕೊಡು, ಸುಮ್ನಿರು" ಎಂದರು.

ನೀವೂ ಅಣ್ಣನೂ ಹೇಗಿದ್ದೀರಿ? ತಿಪಟೂರಿಗೂ ಬಂದಿದೆಯೇ? ಹುಳಿ ಪುಡಿಯ ಮಾತು ಮರೆತಿಲ್ಲ.

ಸತ್ಯವತಿ


ತಿಪಟೂರು
14 ಜುಲೈ 1957
(ಕಾರ್ಡು)

ಸತ್ಯವತಿಗೆ ಆಶೀರ್ವಾದ. ಜ್ವರ ಇಲ್ಲೂ ಬಂದು ಹೋಯಿತು. ನಾವು ಚೆನ್ನಾಗಿದ್ದೇವೆ. ಹುಳಿ ಪುಡಿ: ಧನಿಯ ಅರ್ಧ ಸೇರು, ಮುನ್ನೂರು ಎಣಿಸುವವರೆಗೆ ಹುರಿ. ಕಡಲೆಬೇಳೆ ಒಂದೂವರೆ ಚಟಾಕು, ಇನ್ನೂರ ಐವತ್ತು. ಉದ್ದಿನಬೇಳೆ ಒಂದು ಚಟಾಕು, ಇನ್ನೂರು. ಮೆಂತ್ಯ ಎರಡು ಚಮಚ, ನೂರ ಐವತ್ತು. ಮೆಣಸಿನಕಾಯಿ ಕಾಲು ಸೇರು, ನೂರ ಎಂಬತ್ತು. ಚಕ್ಕೆ ಬೆರಳುದ್ದ ನಾಲ್ಕು, ಕೊಬ್ಬರಿ ಅರ್ಧ ಗಿಟುಕು. ಸೇರು, ಚಟಾಕು ಎಲ್ಲವೂ ತೂಕ. ಎಣಿಕೆ ತಪ್ಪಬೇಡ, ಇದರಂತೆಯೇ ಮಾಡು. ಹೇಗೆ ಬಂತೆಂದು ಕೂಡಲೇ ಬರಿ. ಮರೆಯದೆ ಬರಿ.
ಅಂಜನಮ್ಮ


ರಾಜಾಜಿನಗರ
26 ಜುಲೈ 1957

ಅತ್ತಿಗೆಯವರಿಗೆ,

ಹೇಗೆ ಬಂತೆಂದು ಬರಿ ಎಂದಿರಿ. ಬರೆಯುತ್ತೇನೆ.

ನೀವು ಹೇಳಿದಂತೆಯೇ ಎಣಿಸಿದೆ. ಇದ್ದಿಲ ಒಲೆ, ದಪ್ಪ ಬಾಣಲೆ. ನೂರು ಎಣಿಸುವಷ್ಟರಲ್ಲಿ ಮೆಂತ್ಯ ಹದವಾಯಿತೆಂದು ಮೂಗಿಗೆ ಗೊತ್ತಾಗುತ್ತಿತ್ತು. ಆದರೂ ನೀವು ನೂರ ಐವತ್ತು ಎಂದಿದ್ದೀರಿ, ಎಣಿಕೆ ತಪ್ಪಬೇಡ ಎಂದೂ ಬರೆದಿದ್ದೀರಿ. ತಪ್ಪಲಿಲ್ಲ. ಹುಳಿ ಕಹಿಯಾಯಿತು. ಆ ದಿನ ಮನೆಗೆ ಇವರ ಮೇಲಧಿಕಾರಿ ಚನ್ನಕೇಶವಯ್ಯನವರು ಊಟಕ್ಕೆ ಬಂದಿದ್ದರು. ಅವರು ಹುಳಿ ಕಲೆಸಿದ ಅನ್ನವನ್ನು ಎಲೆಯ ಅಂಚಿಗೆ ಸರಿಸಿ, ನನ್ನ ಕಡೆ ನೋಡದೆ ಮಜ್ಜಿಗೆ ಅನ್ನ ಕೇಳಿದರು.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಸರಿಯೆ. ಇಷ್ಟು ವರ್ಷ ಅಳತೆಯೇ ಇಲ್ಲ ಎನ್ನುತ್ತಿದ್ದವರು ಇದ್ದಕ್ಕಿದ್ದಂತೆ ಅಂಕಿ ಸಮೇತ ಬರೆದಿರಿ, ಅದೂ ತಪ್ಪು ಅಂಕಿ. ಪುಡಿ ಮಾಡುವವರು ತಮ್ಮ ಕೈಗುಣ ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ ಎಂದು ಇಲ್ಲಿ ಜನ ಹೇಳುತ್ತಾರೆ. ಮೊದಲು ಪುಡಿ ಕೊಡಲಿಲ್ಲ, ಈಗ ಸರಿಯಾದ ಲೆಕ್ಕವನ್ನೂ ಕೊಡಲಿಲ್ಲ. ನಾನೇನು ತಿಪಟೂರಿಗೆ ಬಂದು ಪಕ್ಕದಲ್ಲಿ ಅಂಗಡಿ ಇಡುತ್ತೇನೆಯೇ?

ಸತ್ಯವತಿ


ತಿಪಟೂರು
13 ಆಗಸ್ಟ್ 1957

ಸತ್ಯವತಿಗೆ,

ಕಾಗದ ತಲುಪಿತು. ನೂರಕ್ಕೇ ಮೆಂತ್ಯ ಹದವಾಗಿತ್ತೆಂದು ಬರೆದಿದ್ದೀಯ. ಧನಿಯ ಎಷ್ಟಕ್ಕೆ ಹದವಾಯಿತೆಂದು ಬರೆಯಲಿಲ್ಲ. ಬೇಳೆಗಳದ್ದೂ ಬರೆಯಲಿಲ್ಲ. ಬೈಯುವ ಭರದಲ್ಲಿ ಬೇಕಾದದ್ದನ್ನೇ ಬಿಟ್ಟೆ.

ನನ್ನ ಪುಡಿಯಲ್ಲಿ ತಪ್ಪು ಕಂಡವಳು ನೀನೊಬ್ಬಳೇ ಅಲ್ಲ. ಗೋಪೀನಾಥರಾಯರು ಹೊಸ ಮನೆ ಕಟ್ಟಿಸಿದರು, ಹೋದ ವಾರ ಗೃಹಪ್ರವೇಶ. ಹುಳಿಗೂ ಸಾರಿಗೂ ನನ್ನದೇ ಪುಡಿ. ಉಳಿದದ್ದನ್ನು ಮಾರನೆಯ ದಿನ ಡಬ್ಬಿ ಸಮೇತ ವಾಪಸ್ಸು ಕಳಿಸಿದ್ದಾರೆ. ಡಬ್ಬಿಯ ಹೊರಮೈ ಒರೆಸಿಯೂ ಇರಲಿಲ್ಲ. ಏನೂ ಹೇಳಿಯೂ ಇಲ್ಲ. ನಾನು ಪುಡಿ ಮಾಡಿಕೊಡುತ್ತಿರುವ ಹದಿನಾಲ್ಕು ವರ್ಷದಲ್ಲಿ ಹೀಗಾದದ್ದು ಮೊದಲ ಸಲ.

ನಿನಗೆ ಏನು ಅನಿಸುತ್ತದೋ ಅನಿಸಲಿ.
ಅಂಜನಮ್ಮ


ರಾಜಾಜಿನಗರ
18 ಆಗಸ್ಟ್ 1957

ಪೂಜ್ಯ ಅತ್ತಿಗೆಯವರಿಗೆ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಭಯವಾಯಿತು. ನಿಮ್ಮ ಪುಡಿಯನ್ನು ವಾಪಸ್ಸು ಕಳಿಸುವವರು ತಿಪಟೂರಿನಲ್ಲಿದ್ದಾರೆಯೇ? ನೀವೂ ಅಣ್ಣನೂ ಜಗಳವಾಡಿದ್ದೀರಾ? ಮನಸ್ಸು ಸರಿಯಿಲ್ಲದೆ ಕೈ ತಪ್ಪುತ್ತಿದೆಯೇ? ಅಣ್ಣ ಏನಾದರೂ ಅಂದಿದ್ದರೆ ಹೇಳಿ, ನಾನೇ ಬಂದು ವಿಚಾರಿಸುತ್ತೇನೆ.

ಧನಿಯ ನೂರ ತೊಂಬತ್ತಕ್ಕೆ ಹದವಾಗಿತ್ತು. ಕಡಲೆಬೇಳೆ ಇನ್ನೂರ ಐವತ್ತು ಸರಿ. ಉದ್ದಿನಬೇಳೆಯನ್ನು ಗಮನಿಸಲಿಲ್ಲ. ಆದರೆ ಇದೆಲ್ಲ ನಿಮಗೇಕೆ ಬೇಕು ಎನ್ನುವುದು ನನಗೆ ಅರ್ಥವಾಗುತ್ತಿಲ್ಲ.

ಸತ್ಯವತಿ


ತಿಪಟೂರು
3 ಸೆಪ್ಟೆಂಬರ್ 1957

ಸತ್ಯು,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ನಿಮ್ಮಣ್ಣ ಜಗಳವಾಡುವವರಾಗಿದ್ದರೆ ಬದುಕು ಸುಲಭವಾಗಿರುತ್ತಿತ್ತು.

ಜೂನ್ ಕೊನೆಯ ವಾರ ನನಗೆ ಆ ಜ್ವರ ಬಂತು. ನಾಲ್ಕು ದಿನಕ್ಕೆ ಎದ್ದೆ. ಐದನೆಯ ದಿನ ಒಲೆಯ ಮೇಲೆ ಹಾಲಿಟ್ಟು ಪಕ್ಕದಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದೆ. ಪಕ್ಕದ ಮನೆಯಾಕೆ ಹಿತ್ತಲ ಬಾಗಿಲಿನಿಂದ ಓಡಿ ಬಂದು, "ಅಂಜನಮ್ಮ, ಹಾಲು ಸೀದು ಬೀದಿವರೆಗೂ ವಾಸನೆ ಬರ್ತಿದೆ, ನೀವೇನ್ ಇಲ್ಲೇ ಕೂತಿದೀರಿ" ಎಂದಳು. ತಳ ಕಪ್ಪಾಗಿತ್ತು. ನನಗೆ ಏನೂ ಬಂದಿರಲಿಲ್ಲ. ಅವಳು ಹೋದ ಮೇಲೆ ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದೆ. ಏನೂ ಇಲ್ಲ. ಸೀಮೆಎಣ್ಣೆ, ಮಲ್ಲಿಗೆ, ಕರ್ಪೂರ, ಒಂದೊಂದಾಗಿ ಹಿಡಿದು ನೋಡಿದೆ. ಬರೀ ಗಾಳಿ. ನಾಲಿಗೆಗೆ ಉಪ್ಪು, ಹುಳಿ, ಖಾರದ ಉರಿ ಗೊತ್ತಾಗುತ್ತದೆ, ಕಹಿಯೂ ಸೇರಿ ಉಳಿದದ್ದು ತಿಳಿಯುವುದಿಲ್ಲ. ಡಾಕ್ಟರು, "ಈ ಜ್ವರದ ಮೇಲೆ ಕೆಲವರಿಗೆ ಹೀಗಾಗುತ್ತೆ ತಾಯಿ. ಬಂದ್ರೂ ಬರಬಹುದು, ಬರದೇನೂ ಇರಬಹುದು" ಎಂದರು.

ಯಾರಿಗೂ ಹೇಳಲಿಲ್ಲ. ಅಂಜನಮ್ಮನ ಪುಡಿ ಎಂದರೆ ಅಂಜನಮ್ಮನ ಮೂಗು. ಮೂಗಿಲ್ಲ ಎಂದು ಗೊತ್ತಾದರೆ ಪುಡಿ ಯಾರಿಗೆ ಬೇಕು? ಕೈಗೆ ಅಭ್ಯಾಸವಿದೆ, ಹೊತ್ತನ್ನು ನೆನಪು ಮಾಡಿಕೊಂಡು ಎಣಿಸಿದರೆ ಸಾಕೆಂದು ತಿಳಿದೆ. ಆದರೆ ನಾನು ಎಂದೂ ಎಣಿಸಿದವಳಲ್ಲ. ಆ ಕಾರ್ಡಿನಲ್ಲಿ ಬರೆದದ್ದು ನನ್ನ ಊಹೆ. ಅದು ಸರಿಯೋ ತಪ್ಪೋ ಹೇಳಲು ನನಗೊಂದು ಮೂಗು ಬೇಕಾಗಿತ್ತು. ನಿನ್ನದನ್ನು ನಿನಗೆ ಹೇಳದೆ ಬಳಸಿಕೊಂಡೆ. ನಿನ್ನ ಉತ್ತರ ಬರುವ ಮೊದಲೇ ರಾಯರ ಮನೆಗೆ ಪುಡಿ ಹುರಿದಾಗಿತ್ತು. ಹೀಗಾಗಿ ಚನ್ನಕೇಶವಯ್ಯನವರ ಎಲೆಯಲ್ಲೂ ರಾಯರ ಮನೆಯ ಎಲೆಗಳಲ್ಲೂ ಒಂದೇ ಕಹಿ.

ನೀನು ಬರೆದದ್ದರಲ್ಲಿ ಒಂದು ನಿಜ. ನಿನಗೆ ಸರಿಯಾದ ಲೆಕ್ಕ ಕೊಡಲಿಲ್ಲ. ನನ್ನ ಹತ್ತಿರ ಇರಲಿಲ್ಲ.

ಅಂಜನಮ್ಮ


ರಾಜಾಜಿನಗರ
7 ಸೆಪ್ಟೆಂಬರ್ 1957

ಪೂಜ್ಯ ಅತ್ತಿಗೆಯವರಿಗೆ,

ನನಗೆ ಈಗ ನಿಮ್ಮ ಮೇಲೆ ಬಹಳ ಸಿಟ್ಟಿದೆ. ಜೂನಿನಲ್ಲಿ ಆದದ್ದನ್ನು ಸೆಪ್ಟೆಂಬರಿನಲ್ಲಿ ಹೇಳುತ್ತೀರಿ. ನಡುವೆ ನಾನು ನಿಮಗೆ ಏನೇನು ಬರೆದೆ. ಅದನ್ನೆಲ್ಲ ಓದಿಕೊಂಡು ಸುಮ್ಮನೆ, ಧನಿಯ ಎಷ್ಟಕ್ಕೆ ಹದವಾಯಿತು ಎಂದು ಕೇಳಿದಿರಿ. ಒಂದು ಮಾತು ಬೈಯಬಾರದಿತ್ತೇ?

ಕಾಗದ ಓದಿ ಇವರಿಗೆ ಕೊಟ್ಟೆ. ಓದಿ, "ಮೂಗಿಗೆ ಬರದೇ ಇದ್ರೆ ಕಿವಿಗೆ ಬರುತ್ತಲ್ಲ. ನಮ್ಮ ಫ್ಯಾಕ್ಟರೀಲಿ ಮಿಷನ್ನು ಕೆಟ್ರೆ ಮೊದ್ಲು ಸದ್ದು ತಾನೇ ಬದಲಾಗೋದು" ಎಂದರು. ಬೆಳಿಗ್ಗೆ ಲಿಂಗಮ್ಮನನ್ನು ಕೇಳಿದೆ. "ಮೂಗು ಒಂದೇ ಏನವ್ವ ಹೇಳಾದು? ಕಣ್ಣಿಲ್ವಾ, ಕಿವಿಯಿಲ್ವಾ, ಉಗುರಿಲ್ವಾ" ಎಂದಳು. ಅವಳನ್ನು ಒಳಗೆ ಕೂರಿಸಿಕೊಂಡು ಇಡೀ ಬೆಳಿಗ್ಗೆ ಹುರಿದೆ. ಅವಳ ಸೊಪ್ಪು ಬಾಡಿತು. ಇಬ್ಬರೂ ಕಣ್ಣು, ಕಿವಿ, ಉಗುರಿನಿಂದ ನೋಡಿದ್ದನ್ನು ಬರೆಯುತ್ತೇನೆ.

ಧನಿಯ: ಮೊದಲು ಬಾಣಲೆಯಲ್ಲಿ ಮರಳು ಆಡಿದ ಹಾಗೆ ಭಾರವಾಗಿ ಸರಿಯುತ್ತದೆ. ಆಮೇಲೆ ಸದ್ದು ಹಗುರವಾಗಿ, ಒಣ ಎಲೆ ತುಳಿದ ಹಾಗಾಗುತ್ತದೆ. ಎರಡು ಮೂರು ಕಾಳು ಚಟ್ ಎಂದ ಕೂಡಲೇ ಒಂದನ್ನು ಹಲ್ಲಿಗಿಡಿ. ಜಗಿದರೆ ಹಸಿ, ಒಡೆದು ಎರಡಾದರೆ ಹದ. ಮೆಂತ್ಯದ ಹೊಟ್ಟೆ ಮೊದಲು ಕೆಂಪಾಗುತ್ತದೆ, ಬೆನ್ನು ಆಮೇಲೆ. ಬೆನ್ನು ಕೆಂಪಾಗುವವರೆಗೆ ಕಾಯಬೇಡಿ. ಮೆಣಸಿನಕಾಯಿಯನ್ನು ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಕರಿಬೇವು ಹಿಡಿದರೆ ಪುಡಿಯಾಗಬೇಕು. ಜೀರಿಗೆ ಮಾತ್ರ ಮೋಸದ್ದು, ಅದಕ್ಕೆ ಸದ್ದಿಲ್ಲ. ಅರವತ್ತು ಎಣಿಸಿ ಇಳಿಸಿಬಿಡಿ, ಬಾಣಲೆಯ ಬಿಸಿಯೇ ಉಳಿದದ್ದನ್ನು ಮಾಡುತ್ತದೆ.

ಬಣ್ಣ ಕಾಗದದಲ್ಲಿ ಬರೆಯಲು ಬರುವುದಿಲ್ಲ. ಅದಕ್ಕೇ ಸಣ್ಣ ಪೊಟ್ಟಣ ಕಟ್ಟಿ ಲಕೋಟೆಯಲ್ಲಿಟ್ಟಿದ್ದೇನೆ. ಒಂದು ಹಸಿ, ಎರಡು ಅರೆಬರೆ, ಮೂರು ಹದ, ನಾಲ್ಕು ಮೀರಿದ್ದು. ಮೂರನೆಯದನ್ನು ಪಕ್ಕದಲ್ಲಿಟ್ಟುಕೊಂಡು ಹುರಿಯಿರಿ.

ಅಣ್ಣನಿಗೆ ಇವತ್ತೇ ಹೇಳಿ. ನೀವು ಹೇಳದಿದ್ದರೆ ನಾನು ಬರೆಯುತ್ತೇನೆ.

ಸತ್ಯವತಿ


ತಿಪಟೂರು
29 ಸೆಪ್ಟೆಂಬರ್ 1957

ಸತ್ಯು,

ನಿನ್ನ ಪೊಟ್ಟಣಗಳ ಮೇಲೆ ಪೋಸ್ಟಾಫೀಸಿನವರು ಮುದ್ರೆ ಗುದ್ದಿದ್ದಾರೆ. ಧನಿಯದ ಒಂದರಿಂದ ನಾಲ್ಕರವರೆಗೆ ಎಲ್ಲ ಒಂದಾಗಿ ಅರ್ಧ ಪುಡಿಯಾಗಿತ್ತು. ಮೆಂತ್ಯ ಗಟ್ಟಿಜೀವ, ಉಳಿದಿತ್ತು. ಅದರ ಮೂರನೆಯ ಪೊಟ್ಟಣವನ್ನು ಒಲೆಯ ಪಕ್ಕ ಇಟ್ಟುಕೊಂಡಿದ್ದೇನೆ.

ನಿಮ್ಮಣ್ಣನಿಗೆ ಹೇಳಿದೆ. ಅವರು, "ಗೊತ್ತು" ಎಂದರು. ಎಂದಿನಿಂದ ಎಂದು ಕೇಳಿದೆ. "ಜುಲೈಯಿಂದ. ನೀನು ಹಾಲು ಕಾಯಿಸೋ ಹೊತ್ನಲ್ಲಿ ನಾನು ದಿನಾ ಅಡಿಗೆಮನೇಲಿ ಕೂತು ಪೇಪರ್ ಯಾಕೆ ಓದ್ತೀನಿ ಅಂದ್ಕೊಂಡೆ" ಎಂದರು. ಹಾಗಾದರೆ ಹೇಳಬಾರದಿತ್ತೇ ಎಂದೆ. "ನೀನು ಹೇಳ್ಲಿಲ್ವಲ್ಲ, ಇಷ್ಟವಿಲ್ವೇನೋ ಅಂತ ಸುಮ್ನಾದೆ" ಎಂದರು. ಮೂರು ತಿಂಗಳು ಕಹಿ ಸಾರು ತಿಂದಿದ್ದಾರೆ. ಇಂಥವರನ್ನು ಕಟ್ಟಿಕೊಂಡು ಏನು ಮಾಡುವುದು?

ನೀನು ಬರೆದ ಹಾಗೆ ಐದು ಸಲ ಹುರಿದೆ. ಕಿವಿಗೆ ಧನಿಯ ಸಿಕ್ಕಿದೆ. ಆದರೆ ಸರಿಯಾಗಿದೆಯೇ ಎಂದು ಹೇಳುವವರಿಲ್ಲ. ನಿಮ್ಮಣ್ಣನಿಗೆ ಐದು ಸಲದ್ದೂ ಚೆನ್ನಾಗಿದೆಯಂತೆ. ಅವರ ನಾಲಿಗೆಯನ್ನು ನಂಬಿದರೆ ಕೆಟ್ಟೆ.

ಕೊನೆಗೆ ನಾನೇ ಗೋಪೀನಾಥರಾಯರ ಮನೆಗೆ ಹೋದೆ. ರಾಯರ ಹೆಂಡತಿಯನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಹೇಳಿದೆ. ಹೇಳುವಾಗ ಗೋಡೆ ನೋಡುತ್ತಿದ್ದೆ. ಆಕೆ, "ಮೊದಲೇ ಹೇಳಬಾರದಾಗಿತ್ತೇನ್ರಿ, ನಾನು ನಿಮಗೆ ಗರ್ವ ಬಂತು ಅಂದ್ಕೊಂಡೆ" ಎಂದರು. ನವೆಂಬರಿನಲ್ಲಿ ಅವರ ಮಗಳ ಮದುವೆ. ಪುಡಿಗೆ ಬೇರೆಯವರಿಗೆ ಹೇಳುವ ಯೋಚನೆಯಿತ್ತಂತೆ. "ದೀಪಾವಳಿ ಆದ್ಮೇಲೆ ಒಂದು ಪಾವು ಮಾಡಿ ತನ್ನಿ, ನಾನೇ ಮೂಸಿ ನೋಡ್ತೀನಿ" ಎಂದಿದ್ದಾರೆ.

ಮೊದಲ ದೀಪಾವಳಿಗೆ ನೀವಿಬ್ಬರೂ ಇಲ್ಲಿಗೆ ಬರಲೇಬೇಕು. ಪದ್ಧತಿಯೂ ಹೌದು, ನನಗೆ ನಿನ್ನ ಮೂಗು ಬೇಕಾಗಿರುವುದೂ ಹೌದು.

ಅಂಜನಮ್ಮ


ರಾಜಾಜಿನಗರ
1 ನವೆಂಬರ್ 1957

ಪೂಜ್ಯ ಅತ್ತಿಗೆಯವರಿಗೆ,

ಸುಖವಾಗಿ ತಲುಪಿದೆವು. ರೈಲಿನಲ್ಲಿ ಇವರು, "ನೀವಿಬ್ಬರೂ ಅಡಿಗೆಮನೇಲಿ ಒಂದು ವಾರ ಜಗಳ ಬಿಟ್ರೆ ಬೇರೇನಾದ್ರೂ ಮಾಡಿದ್ರಾ" ಎಂದು ಕೇಳಿದರು. ನಾನು ಇಲ್ಲ ಎಂದೆ.

ಒಂದು ವಾರದಲ್ಲಿ ಹನ್ನೊಂದು ಸಲ ಹುರಿದೆವು. ಎಂಟು ಸಲ ನಾನು ಸರಿ, ಮೂರು ಸಲ ನೀವು. ಇಂಗಿನ ವಿಷಯದಲ್ಲಿ ನೀವು ಹಟ ಮಾಡಿದಿರಿ, ಅದು ನಿಮ್ಮದೇ ಸರಿಯಾಗಿತ್ತು ಎಂದು ಈಗ ಒಪ್ಪುತ್ತೇನೆ. ಅಲ್ಲಿ ಒಪ್ಪಲು ಮನಸ್ಸಾಗಲಿಲ್ಲ. ನಾನು "ಹಾಗಲ್ಲ ಅತ್ತಿಗೆ" ಎಂದಾಗಲೆಲ್ಲ ನೀವು ಸಟ್ಟುಗ ಕುಕ್ಕಿ ಹಿತ್ತಲಿಗೆ ಹೋಗುತ್ತಿದ್ದಿರಿ. ಕೊನೆಯ ದಿನ ಹೋಗಲಿಲ್ಲ, "ಸರಿ, ಹೇಳು" ಎಂದಿರಿ. ನಾನು ಹೆದರಿಬಿಟ್ಟೆ.

ನಾನು ಹದಗಳನ್ನೆಲ್ಲ ಬರೆದು ಗೋಡೆಗೆ ಅಂಟಿಸಿದ ಹಾಳೆಯನ್ನು ತೆಗೆಯಬೇಡಿ. ಮದುವೆಗೆ ಹುರಿಯುವಾಗ ಒಂದೇ ಸಲಕ್ಕೆ ಹೆಚ್ಚು ಹಾಕಬೇಡಿ, ಸದ್ದು ಕೇಳಿಸುವುದಿಲ್ಲ. ರಾಯರ ಹೆಂಡತಿ ಮೂಸಿ ನೋಡಿ ಏನೆಂದರು? ಬರೆಯಿರಿ. ಮೂರು ತಿಂಗಳು ಕಾಯಿಸಬೇಡಿ.

ಸತ್ಯವತಿ


ತಿಪಟೂರು
24 ನವೆಂಬರ್ 1957

ಚಿ. ಸೌ. ಸತ್ಯವತಿಗೆ ಅಂಜನಮ್ಮನ ಆಶೀರ್ವಾದ.

ರಾಯರ ಹೆಂಡತಿ ಪುಡಿಯನ್ನು ಮೂಸಿ, ನೆಕ್ಕಿ, "ಮೊದಲಿನ ಹಾಗೆ ಇಲ್ಲ" ಎಂದರು. ಆಮೇಲೆ, "ಚೆನ್ನಾಗಿಲ್ಲ ಅಂತ ಅಲ್ಲ. ಬೇರೆ ಥರ ಇದೆ. ಇದನ್ನೇ ಮಾಡಿ" ಎಂದರು. ಇದು ನನ್ನ ನಾದಿನಿಯ ಹದ ಎಂದು ಹೇಳಿದೆ. ಹೇಳದಿದ್ದರೂ ಆಗುತ್ತಿತ್ತು. ಹೇಳಿದೆ.

ಮದುವೆಯ ಪುಡಿಗೆ ನಾಲ್ಕು ದಿನ ಹಿಡಿಯಿತು. ಮೊದಲಾಗಿದ್ದರೆ ಒಂದೂವರೆ ದಿನದ ಕೆಲಸ. ಸ್ವಲ್ಪ ಸ್ವಲ್ಪವಾಗಿ ಹುರಿದೆ. ಸದ್ದು ಕೇಳಬೇಕೆಂದು ನಿಮ್ಮಣ್ಣನಿಗೆ ಮಾತಾಡಬೇಡಿ ಎಂದಿದ್ದೆ. ಅವರು ಸಂತೋಷವಾಗಿಯೇ ಇದ್ದರು. ಒಂದು ಸಲ ಎಣಿಕೆಯ ನಡುವೆ ಪೋಸ್ಟಿನವನು ಬಾಗಿಲು ಬಡಿದ. ಅವನನ್ನು ಬೈದು ಕಳಿಸಿದೆ. ಒಂದು ಬಾಣಲೆ ಜೀರಿಗೆ ಅನುಮಾನ ಬಂದು ಎಸೆದೆ.

ಮದುವೆ ನಿನ್ನೆ ಆಯಿತು. ಮೊದಲ ಪಂಕ್ತಿಗೆ ನಾನು ಕೂರಲಿಲ್ಲ. ಅಡಿಗೆಯವರ ಹಿಂದೆ ಕಂಬದ ಪಕ್ಕ ನಿಂತು ಎಲೆಗಳನ್ನು ನೋಡುತ್ತಿದ್ದೆ. ಯಾರು ಅನ್ನವನ್ನು ಅಂಚಿಗೆ ಸರಿಸುತ್ತಾರೆ, ಯಾರು ಬೇಗ ಮಜ್ಜಿಗೆ ಕೇಳುತ್ತಾರೆ ಎಂದು ನೋಡಿದೆ. ಯಾರೂ ಸರಿಸಲಿಲ್ಲ. ಆದರೂ ಧೈರ್ಯ ಬರಲಿಲ್ಲ. ಮದುವೆ ಮನೆಯಲ್ಲಿ ಜನ ಮರ್ಯಾದೆಗೂ ತಿನ್ನುತ್ತಾರೆ.

ಎರಡನೆಯ ಪಂಕ್ತಿಯಲ್ಲಿ ಕೂತೆ. ಸಾರು ಬಂತು. ಬಿಸಿ ಗೊತ್ತಾಯಿತು, ಉಪ್ಪು ಗೊತ್ತಾಯಿತು, ಹುಳಿ ಗೊತ್ತಾಯಿತು. ಆಚೆಗೆ ಏನೂ ಇಲ್ಲ. ಪಕ್ಕದ ಎಲೆಯಲ್ಲಿ ಗಂಡಿನ ಕಡೆಯ ಒಬ್ಬ ಮುದುಕಿ ಕೂತಿದ್ದಳು. ಅವಳಿಗೆ ನಾನು ಯಾರೆಂದು ಗೊತ್ತಿಲ್ಲ. ಸಾರು ಅನ್ನ ಕಲೆಸಿ ಮೊಣಕೈವರೆಗೂ ಸೋರಿಸಿಕೊಂಡು ತಿನ್ನುತ್ತಿದ್ದಳು. ಬಡಿಸುವವನು ಹುಳಿ ತಂದರೆ ಕೈ ಅಡ್ಡ ಹಿಡಿದು, "ಇನ್ನೊಂದ್ ಸಲ ಸಾರು ಬಿಡಪ್ಪ" ಎಂದಳು.

ನಾನು ತಡೆಯಲಾರದೆ, "ಅಮ್ಮಾ, ಸಾರು ಹೇಗಿದೆ" ಎಂದು ಕೇಳಿದೆ. ಅವಳು ಇನ್ನೊಂದು ತುತ್ತು ಬಾಯಿಗಿಟ್ಟಳು. ಕಿವಿ ಕೇಳಿಸಲಿಲ್ಲವೇನೋ ಎಂದು ಜೋರಾಗಿ, "ಮೆಂತ್ಯ ಹೆಚ್ಚಾಯ್ತಾ, ಇಂಗು ಸರಿಯಾಗಿದೆಯಾ" ಎಂದೆ.

ಅವಳು ತುತ್ತು ನುಂಗಿ ನನ್ನನ್ನು ದುರುಗುಟ್ಟಿ ನೋಡಿ, "ಊಟ ಮಾಡೋರನ್ನ ಯಾಕೆ ಮಾತಾಡಿಸ್ತೀರಿ, ನಿಮ್ಮೆಲೇಲೂ ಇದೆಯಲ್ಲ, ತಿನ್ನಿ" ಎಂದು ಎಲೆಯ ಕಡೆ ತಿರುಗಿದಳು.

ನಾನೂ ಅನ್ನ ಕಲೆಸಿಕೊಂಡೆ.

ಅಂಜನಮ್ಮ